ಕಬ್ಬಿಣದ ಬಾಗಿಲಿಗೆ ಪಾಲಿಶ್

ಪಾಲಿಶಿನವನ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುವುದು ಕುಡಿತವಲ್ಲ, ಒಂದು ಬಾಗಿಲು. ಅವನ ಒಡಹುಟ್ಟಿದ ಅಣ್ಣ ಹೇಳಿದ ಬಾಗಿಲು.

"ಊರಾಚೆ ಒಂದು ಆಸ್ಪತ್ರೆ ಇದೆ ಕಣೋ. ಮುಂಬಾಗಿಲು ತೇಗದ್ದು, ಜೋಡಿ ಕದ, ಹಳೇ ಕಾಲದ್ದು. ಬಣ್ಣ ಸತ್ತು ಹೋಗಿದೆಯಂತೆ. ನಿನ್ನ ಕೈನೇ ಆಗಬೇಕು ಅಂತಾರೆ," ಎಂದಿದ್ದ ಅಣ್ಣ.

ಅಣ್ಣನದು ಮರದ ಸಾಮಾನಿನ ಕಾರ್ಖಾನೆ. ಮಂಚ, ಕಪಾಟು, ಮೇಜು, ಬಾಗಿಲು ಎಲ್ಲ ಅಲ್ಲಿ ಆಗುತ್ತವೆ. ಬಡಗಿಗಳು ಬರುತ್ತಾರೆ, ಜಗಳವಾಡುತ್ತಾರೆ, ಹೋಗುತ್ತಾರೆ. ಪಾಲಿಶಿನವನು ಮಾತ್ರ ಮೊದಲಿನಿಂದ ಒಬ್ಬನೇ, ತಮ್ಮ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಹಳೆಯ ಬಟ್ಟೆ ಸುತ್ತಿ, ಅದ್ದಿ ಅದ್ದಿ ಮರಕ್ಕೆ ತೀಡುವ ಹಳೆಯ ಪಾಲಿಶು ಅವನದು. ಯಂತ್ರ ಹಿಡಿದು ಬಣ್ಣ ಊದುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಅವರು ಮರಕ್ಕೆ ಬಣ್ಣ ಉಗೀತಾರೆ," ಎನ್ನುತ್ತಾನೆ.

ಕುಡಿಯುತ್ತಿದ್ದ. ಅದನ್ನು ಮುಚ್ಚಿಟ್ಟು ಯಾರಿಗೂ ಉಪಕಾರವಿಲ್ಲ. ಬೆಳಿಗ್ಗೆ ಕೈ ನಡುಗದಿರಲಿ ಎಂದು ಒಂದಿಷ್ಟು, ಮಧ್ಯಾಹ್ನ ಕೈ ನಿಂತಿತಲ್ಲ ಎಂದು ಒಂದಿಷ್ಟು, ಸಂಜೆ ಕೈಗೆ ಕೆಲಸವಿಲ್ಲ ಎಂದು ಉಳಿದದ್ದು. ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದ್ದೂ ಉಂಟು, ಹೆಂಡತಿ ಅವನ ಚಪ್ಪಲಿ ಹುಡುಕಿಕೊಂಡು ಹೋದದ್ದೂ ಉಂಟು. ಆದರೆ ಆ ದಿನ ಬೆಳಿಗ್ಗೆ ಅವನು ಬಾಯಿಗೆ ಹನಿ ಬಿಟ್ಟಿರಲಿಲ್ಲ. ತೇಗದ ಬಾಗಿಲೆಂದರೆ ಅವನಿಗೆ ಅಷ್ಟು ಮರ್ಯಾದೆ. ಸ್ನಾನ ಮಾಡಿ, ಒಗೆದ ಅಂಗಿ ಹಾಕಿ, ಚೀಲದಲ್ಲಿ ಉಪ್ಪುಕಾಗದ, ಬಟ್ಟೆಯ ಉಂಡೆಗಳು, ಅರಗಿನ ಪೊಟ್ಟಣ, ಸ್ಪಿರಿಟ್ಟಿನ ಬಾಟಲಿ ಎಲ್ಲ ತುಂಬಿಕೊಂಡು, ನಡುಗುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅಣ್ಣನ ಪಕ್ಕ ಗಾಡಿಯಲ್ಲಿ ಕೂತ.

ಗಾಡಿ ನಿಂತ ಕಡೆ ಬಾಗಿಲು ಇತ್ತು. ಕಬ್ಬಿಣದ್ದು. ಸರಳಿಗೆ ಹಸಿರು ಬಣ್ಣ ಬಳಿದದ್ದು, ಒಳಗಿಂದ ಬೀಗ ಹಾಕಿದ್ದು.

"ಇದಕ್ಕೆ ಪಾಲಿಶಾ?" ಎಂದು ಅವನು ಕೇಳಿ ಮುಗಿಸುವುದರೊಳಗೆ ಇಬ್ಬರು ಬಂದು ಅವನ ಎರಡೂ ರಟ್ಟೆ ಹಿಡಿದಾಗಿತ್ತು. ಒಳಗೆ ಆಫೀಸಿನ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು, ಅವನ ಬಟ್ಟೆಯ ಗಂಟು ಮಡಿಲಲ್ಲಿ. ಅಂದರೆ ಇದು ಕುಡಿತ ಬಿಡಿಸುವ ಆಸ್ಪತ್ರೆ ಎಂದು ಅವಳಿಗೂ ಗೊತ್ತಿತ್ತು. ಗೇಟಿನವನು ಚೀಲ ಬಿಚ್ಚಿ ಸ್ಪಿರಿಟ್ಟಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಮೂಸಿದ.

"ಇಲ್ಲಿಗೆ ಬರೋರು ಕುಡಿದು ಬರ್ತಾರೆ. ಈ ಯಜಮಾನ್ರು ಪಾರ್ಸಲ್ ಕಟ್ಟಿಸ್ಕೊಂಡು ಬಂದಿದ್ದಾರೆ ನೋಡ್ರಪ್ಪ," ಎಂದ. ವರಾಂಡದಲ್ಲಿ ಸಾಲಾಗಿ ಕೂತಿದ್ದ ರೋಗಿಗಳೆಲ್ಲ ನಕ್ಕರು. ಒಬ್ಬ ಚಪ್ಪಾಳೆ ತಟ್ಟಿದ.

ಇದು ತಿಳಿದಿರಬೇಕು: ಪಾಲಿಶಿನ ಕಸುಬಿನಲ್ಲಿ 'ಪಾಲಿಶ್ ಕುಡಿಯೋನು' ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕುಡಿಯುವವರಿದ್ದಾರೆ. ಕುಡಿದು ಕಣ್ಣು ಕಳೆದುಕೊಂಡವರಿದ್ದಾರೆ. ಮರಕ್ಕೆ ಹೋಗಬೇಕಾದದ್ದನ್ನು ಗಂಟಲಿಗೆ ಹಾಕಿಕೊಂಡವನನ್ನು ಆ ಕಸುಬಿನವರು ತಮ್ಮ ಪಕ್ಕ ಕೂರಿಸಿಕೊಳ್ಳುವುದಿಲ್ಲ. ಪಾಲಿಶಿನವನು ಏನೆಲ್ಲ ಕುಡಿದಿದ್ದರೂ ಅದನ್ನು ಕುಡಿದಿರಲಿಲ್ಲ. ಅದೊಂದೇ ಅವನ ಬಳಿ ಉಳಿದಿದ್ದ ಜಂಬ.

ಅಷ್ಟು ಹೊತ್ತಿಗೆ ನರ್ಸಮ್ಮ ಬಂದಳು. ಗೇಟಿನವನು ಅವಳ ಕಿವಿಯಲ್ಲಿ ಏನೋ ಊದಿದ. ಅವಳು ಕೇಳಿದಳು, "ಸ್ಪಿರಿಟ್ ತಗೋತೀರಾ?"

"ಇಲ್ಲ."

"ಕೆಲಸದಲ್ಲಾದ್ರೂ ಸ್ಪಿರಿಟ್, ಥಿನ್ನರ್, ಪಾಲಿಶ್ ಅಂಥದ್ದು ಮುಟ್ತೀರಾ? ಏನು ಕೆಲಸ ನಿಮ್ಮದು?"

ವರಾಂಡ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತ್ತು. ಚಪ್ಪಾಳೆ ತಟ್ಟಿದವನ ಕೈ ಇನ್ನೊಮ್ಮೆ ತಟ್ಟಲು ಸಿದ್ಧವಾಗಿತ್ತು.

"ನಾನು ಬಡಗಿ. ಉಳಿ, ಸುತ್ತಿಗೆ ಅಷ್ಟೇ. ಸ್ಪಿರಿಟ್ ಮುಟ್ಟಲ್ಲ."

"ಮತ್ತೆ ಬಾಟಲಿ?"

"ನಂದಲ್ಲ. ಯಾರದ್ದೋ."

ಹೆಂಡತಿ ತಲೆ ಬಗ್ಗಿಸಿ ಗಂಟಿನ ಮುಡಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ. ಅಣ್ಣ ಮಾತ್ರ ಮೊಳ ದೂರದಲ್ಲಿ ನಿಂತಿದ್ದ. ಕಿವಿ ಚೆನ್ನಾಗಿಯೇ ಇತ್ತು. 'ಅಲ್ಲ ಸಿಸ್ಟರ್, ಇವನು ನಮ್ಮ ಪಾಲಿಶಿನವನು' ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೇಳಲಿಲ್ಲ. ಹೇಳಿದರೆ ಪಾಲಿಶ್ ಬಿಡಿಸಿ ಎನ್ನುತ್ತಾರೆ, ಪಾಲಿಶ್ ಬಿಟ್ಟರೆ ಕಾರ್ಖಾನೆಯ ಅರ್ಧ ಗಿರಾಕಿ ಬಿಡುತ್ತಾರೆ. ಅಣ್ಣನ ತಲೆ ಅಷ್ಟು ದೂರ ಓಡುತ್ತದೆ, ಯಾವಾಗಲೂ.

ಒಳಗಿನ ದಿನಗಳನ್ನು ಅವನು ಹಲ್ಲು ಕಚ್ಚಿ ಕಳೆದ. ಮೊದಲು ಮೈ ನಡುಗಿತು, ಗೋಡೆಯ ಮೇಲೆ ಇಲ್ಲದ ಇರುವೆಗಳು ಹರಿದವು, ಅವನು ಅವುಗಳನ್ನು ಬಟ್ಟೆಯ ಉಂಡೆಯಿಂದ ಒರೆಸಲು ಹೋದ. ಸೂಜಿ ಚುಚ್ಚಿದರು, ಮಲಗಿಸಿದರು, ಎಬ್ಬಿಸಿ ಗಂಜಿ ಕುಡಿಸಿದರು. ಮೈ ನೆಲೆಗೆ ಬಂದ ಮೇಲೆ ಪಕ್ಕದ ಮಂಚದವನು ಕಣ್ಣಿಗೆ ಬಿದ್ದ. ಬಸ್ಸಿನ ಕಂಡಕ್ಟರ್, ಅಲ್ಲಿಗೆ ಮೂರನೆಯ ಸಲ ಬಂದವನು.

"ಏನಣ್ಣ, ಇಳಿಯೋ ಸ್ಟಾಪ್ ಯಾವುದು?" ಎಂದ ಕಂಡಕ್ಟರ್.

"ನಾನು ಹತ್ತೇ ಇಲ್ಲ. ಹೊತ್ತು ಹಾಕಿದ್ದಾರೆ."

"ಎಲ್ಲರೂ ಹಂಗೇ ಅಂತಾರೆ. ನಾನು ಪಾಸ್ ಮಾಡಿಸಿದ್ದೀನಿ."

ದಿನವೂ ಕುರ್ಚಿಗಳನ್ನು ದುಂಡಗೆ ಇಟ್ಟು ಎಲ್ಲರನ್ನೂ ಕೂರಿಸಿ ಮಾತಾಡಿಸುತ್ತಿದ್ದರು. ನಡೆಸುವವಳು ಕೌನ್ಸೆಲರ್ ಮೇಡಂ, ಅವನ ಮಗಳ ವಯಸ್ಸಿನವಳು. ನಗುನಗುತ್ತಲೇ ಕೆದಕಿ ಕೇಳುವವಳು. ಆ ನಗು ಅವನಿಗೆ ಒಗ್ಗಲಿಲ್ಲ.

"ನಿಮ್ಮ ಬದುಕಿನಲ್ಲಿ ನಿಮಗೆ ದೊಡ್ಡ ಶತ್ರು ಯಾರು ಅಂತ ಅನ್ಸುತ್ತೆ?" ಎಂದಳು ಒಂದು ದಿನ.

"ನಮ್ಮಣ್ಣ."

"ಕುಡಿತ ಅಲ್ವಾ?"

"ಕುಡಿತ ನನಗೆ ಯಾವತ್ತೂ ಸುಳ್ಳು ಹೇಳಿಲ್ಲ ಮೇಡಂ. ಬಿದ್ದೀಯ ಅಂತ ಹೇಳೇ ಬೀಳಿಸಿದೆ."

ಕಂಡಕ್ಟರ್ ಕೆಮ್ಮಿದ ಹಾಗೆ ಮಾಡಿ ನಕ್ಕ. ಮೇಡಂ ಮಾತ್ರ ಬಿಡಲಿಲ್ಲ. "ನಿಮ್ಮಣ್ಣ ನಿಜ ಹೇಳಿ ಕರೆದಿದ್ರೆ ಬರ್ತಿದ್ರಾ?"

ಅವನು ಕುರ್ಚಿಯ ಕೈ ನೋಡಿದ. ಅಗ್ಗದ ಮರ, ಮೇಲೆ ಊದಿದ ಬಣ್ಣ, ಅದೂ ಎದ್ದು ಬಂದಿತ್ತು. "ಅದನ್ನ ಕೇಳಿ ನೋಡ್ಬೇಕಿತ್ತು. ಕೇಳೇ ಇಲ್ವಲ್ಲ," ಎಂದ.

ಅವನು ಕುಡಿತ ಬಿಟ್ಟದ್ದು ಜ್ಞಾನೋದಯದಿಂದಲ್ಲ, ಹಟದಿಂದ. ಇನ್ನೊಂದು ಸಲ ಈ ಹಸಿರು ಸರಳುಗಳ ಒಳಗೆ ಯಾರೂ ತನ್ನನ್ನು ತಳ್ಳಬಾರದು, ಇನ್ನೊಂದು ಸಲ ಆ ವರಾಂಡ ನಗಬಾರದು. ಬಿಟ್ಟದ್ದು ಬಿಟ್ಟದ್ದೇ. ಕಾರಣ ಕೆಟ್ಟದ್ದಾದರೆ ಬಿಟ್ಟದ್ದು ಲೆಕ್ಕಕ್ಕಿಲ್ಲವೇ?

ಮನೆಗೆ ಕಳಿಸುವಾಗ ಡಾಕ್ಟರು ಒಂದು ಬಿಳಿ ಮಾತ್ರೆ ಕೊಟ್ಟರು. ದಿನಾ ಬೆಳಿಗ್ಗೆ ಹೆಂಡತಿಯೇ ನೀರು ಕೊಟ್ಟು ಎದುರಿಗೆ ನಿಂತು ನುಂಗಿಸಬೇಕು. ವಾರಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಬೇಕು. "ಈ ಮಾತ್ರೆ ಒಳಗಿರುವಾಗ ಕುಡಿದ್ರೆ ಮುಖ ಕೆಂಪಾಗುತ್ತೆ, ಎದೆ ಹೊಡ್ಕೊಳ್ಳುತ್ತೆ, ವಾಂತಿ ಆಗುತ್ತೆ. ಜೀವಕ್ಕೂ ಅಪಾಯ. ಅಂಥದ್ದು ಕಂಡ್ರೆ ಕೂಡಲೇ ಇಲ್ಲಿಗೆ ಕರ್ಕೊಂಡ್ಬನ್ನಿ," ಎಂದರು. ಹೆಂಡತಿ ಕೇಳಿಸಿಕೊಂಡಳು. ಅಣ್ಣನೂ ಕೇಳಿಸಿಕೊಂಡ, ಆದರೆ ಅವನ ತಲೆಯಲ್ಲಿ ಉಳಿದದ್ದು ಇಷ್ಟೇ: ಮುಖ ಕೆಂಪಾದರೆ ತಮ್ಮ ಕುಡಿದಿದ್ದಾನೆ.

ಬೆಳಗಿನ ಆ ಲೋಟ ಮನೆಯಲ್ಲಿ ದಿನದ ಮೊದಲ ಜಗಳ.

"ಬಾಯಿ ತೆಗೀರಿ."

"ನುಂಗಿದೆ."

"ನಾಲಿಗೆ ಎತ್ತಿ."

"ನಾನೇನು ಕುದುರೆನಾ, ಹಲ್ಲು ನೋಡಿ ಕೊಳ್ಳೋಕೆ?"

"ಕುದುರೆ ಆಗಿದ್ರೆ ಗಾಡಿಗಾದ್ರೂ ಕಟ್ತಿದ್ದೆ," ಎಂದು ಅವಳು ಲೋಟ ತೊಳೆದಿಡುತ್ತಿದ್ದಳು. ಆದರೆ ಕೆಲವು ವಾರ ಕಳೆದ ಮೇಲೆ ನಾಲಿಗೆ ಎತ್ತಿಸುವುದನ್ನು ನಿಲ್ಲಿಸಿದಳು. ಅವನಿಗೆ ಅದು ಗೊತ್ತಾಯಿತು. ಅವತ್ತು ಇಡೀ ದಿನ ಕಾರ್ಖಾನೆಯಲ್ಲಿ ಯಾರನ್ನೂ ಬೈಯಲಿಲ್ಲ. ಬಡಗಿಗಳು ಜ್ವರವಿರಬೇಕು ಎಂದುಕೊಂಡರು.

ಕಾರ್ಖಾನೆಯಲ್ಲಿ ಅಣ್ಣ ಅವನನ್ನು ಅಂಗಳದಲ್ಲಿ ಕೂರಿಸಿದ್ದ. ಉಪ್ಪುಕಾಗದ ಉಜ್ಜುವುದು, ಬಿರುಕಿಗೆ ಮೇಣ ತುಂಬುವುದು. ಸ್ಪಿರಿಟ್ಟಿನ ಡಬ್ಬ ಅಣ್ಣನ ಕಪಾಟಿನಲ್ಲಿ, ಬೀಗದ ಕೈ ಅಣ್ಣನ ಸೊಂಟದಲ್ಲಿ. ಕಲಿತವನ ಹಾಗೆ ಬಂದ ಒಬ್ಬ ಪಾಲಿಶ್ ಹಚ್ಚಿ, ಎರಡು ಮಂಚ ಹಾಳುಮಾಡಿ ಹೋದ. ಆಮೇಲೆ ವಕೀಲರ ಮನೆಯ ಪುಸ್ತಕದ ಕಪಾಟುಗಳು ಬಂದವು. ಗೋಡೆಯಷ್ಟು ಅಗಲ, ಒಳ್ಳೆಯ ಮರ, ಹಳೆಯ ಪಾಲಿಶೇ ಆಗಬೇಕು ಎಂದು ವಕೀಲರ ಹಟ. ಅಣ್ಣ ಬೀಗ ತೆಗೆದ.

"ತಗೋ. ಒಂದು ಹನಿ ಬೇರೆ ಕಡೆ ಹೋಯ್ತೋ, ಆಮೇಲೆ ನಾನು ಅಣ್ಣ ಅಲ್ಲ, ನೀನು ತಮ್ಮ ಅಲ್ಲ."

"ಈಗ ಮಾತ್ರ ಅಣ್ಣ ತಮ್ಮನಾ?" ಎಂದು ತಮ್ಮ ಡಬ್ಬ ಕಸಿದುಕೊಂಡು ನಡೆದ. ನರ್ಸಮ್ಮನ ಪ್ರಶ್ನೆ ಆಗಲೂ ಇಬ್ಬರಿಗೂ ನೆನಪಾಗಲಿಲ್ಲ. ನೆನಪಾಗಿದ್ದರೂ ಅವರಿಬ್ಬರಲ್ಲಿ ಯಾರು ಮೊದಲು ಬಾಯಿ ಬಿಡುವುದು?

ವಕೀಲರ ಮನೆಯ ಆ ಕೋಣೆ ಚಿಕ್ಕದು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು, ಸಿಮೆಂಟಿನ ಧೂಳು. ಹಸಿ ಪಾಲಿಶಿನ ಮೇಲೆ ಧೂಳು ಕೂತರೆ ಕೆಲಸ ಕೆಟ್ಟಂತೆ. ಅದಕ್ಕೆ ಅವನೇ ಕಿಟಕಿಗಳನ್ನು ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದ. ಫ್ಯಾನು ಕೂಡ ಹಾಕಲಿಲ್ಲ. ಆಮೇಲೆ ಬರಿಗೈಯಲ್ಲಿ ಉಂಡೆ ಹಿಡಿದು ಅದ್ದಿದ, ಹಿಂಡಿದ, ತೀಡಿದ. ತಿಂಗಳುಗಟ್ಟಲೆ ಅಂಗಳದಲ್ಲಿ ಕೂತಿದ್ದ ಕೈ ಮರದ ಮೇಲೆ ಎಂಟರ ಆಕಾರದಲ್ಲಿ ತಾನೇ ತಾನಾಗಿ ಓಡಿತು. ನಡುಕ ಇರಲಿಲ್ಲ. ಒಂದು ಹಲಗೆಯಲ್ಲಿ ಅವನ ಮುಖವೇ ಕಾಣಿಸತೊಡಗಿತು. ಎಷ್ಟೋ ವರ್ಷದ ಮೇಲೆ ಅವನು ತನ್ನ ಮುಖ ನೋಡಿ ತಲೆ ತಿರುಗಿಸಲಿಲ್ಲ.

ಆಮೇಲೆ ಆ ಮುಖ ಕೆಂಪಾಯಿತು.

ಮೊದಲು ಕಿವಿ ಬಿಸಿಯಾಯಿತು. ಕುತ್ತಿಗೆಯಲ್ಲಿ ಯಾರೋ ತಮಟೆ ಬಾರಿಸಿದ ಹಾಗೆ. ಎದೆ ಹೊಡೆದುಕೊಳ್ಳತೊಡಗಿತು, ನೆಲ ವಾಲಿತು. ಅವನು ಗೋಣಿ ಒದ್ದು ಬಾಗಿಲು ತೆಗೆದು ಹೊರಗೆ ಬಂದು, ವಕೀಲರ ಹೆಂಡತಿ ಒರೆಸಿ ಬಿಟ್ಟಿದ್ದ ನೆಲದ ಮೇಲೆಯೇ ವಾಂತಿ ಮಾಡಿಕೊಂಡ. ಆಕೆ ಮೂಗು ಮುಚ್ಚಿಕೊಂಡು ಫೋನು ತೆಗೆದಳು. ಅವನ ಅಂಗಿ, ಕೈ, ಉಸಿರು ಎಲ್ಲ ಸ್ಪಿರಿಟ್ ನಾರುತ್ತಿತ್ತು. ನಾರದೆ ಏನು ಮಾಡೀತು, ಬೆಳಗಿನಿಂದ ಅದರಲ್ಲೇ ಕೈ ಅದ್ದಿ ಕೂತವನು.

ಅಣ್ಣ ಬಂದ. ಇಬ್ಬರು ಬಡಗಿಗಳೂ ಜೊತೆಗೆ. ತಮ್ಮ ಮೆಟ್ಟಿಲ ಮೇಲೆ ಕೂತು ಎದೆ ಒತ್ತಿಕೊಂಡಿದ್ದ.

"ಅಣ್ಣ, ಏನೋ ಆಗ್ತಿದೆ. ನಾನು..."

ಕೆನ್ನೆಗೆ ಬಿತ್ತು. ಬಡಗಿಗಳ ಎದುರು, ವಕೀಲರ ಹೆಂಡತಿಯ ಎದುರು, ಕಟ್ಟಡದ ಮೇಲಿಂದ ಬಗ್ಗಿ ನೋಡುತ್ತಿದ್ದ ಗಾರೆಯವರ ಎದುರು.

"ಪಾಲಿಶ್ ಕುಡಿಯೋ ಮಟ್ಟಕ್ಕೆ ಇಳಿದ್ಯಾ," ಎಂದ ಅಣ್ಣ. ಕೂಗಲಿಲ್ಲ. ಮೆಲ್ಲಗೆ ಹೇಳಿದ. ಅದಕ್ಕೇ ಎಲ್ಲರಿಗೂ ಕೇಳಿಸಿತು.

"ಕುಡಿದಿಲ್ಲ."

"ಮುಖ ನೋಡ್ಕೋ ಹೋಗು, ನೀನೇ ಹಚ್ಚಿದ ಕಪಾಟಲ್ಲಿ."

ಮತ್ತೆ ಗಾಡಿ, ಮತ್ತೆ ಆ ದಾರಿ. ದಾರಿಯಲ್ಲಿ ಹೆಂಡತಿಯನ್ನು ಹತ್ತಿಸಿಕೊಂಡರು. ಅವಳು ಅವನ ಮುಖ ನೋಡಿದಳು, ಅಂಗಿ ಮೂಸಿದಳು, ಕಿಟಕಿಯ ಕಡೆ ತಿರುಗಿ ಕೂತಳು.

"ನೀನೂನಾ?" ಎಂದ ಅವನು.

"ನಾಲಿಗೆ ಎತ್ತಿಸೋದು ಬಿಟ್ಟೆನಲ್ಲ, ಅದೇ ನನ್ನ ತಪ್ಪು," ಎಂದಳು ಅವಳು, ಕಿಟಕಿಗೆ.

ಕೆನ್ನೆಯ ಏಟು ಅವನಿಗೆ ಅಲ್ಲಿಯವರೆಗೆ ಉರಿದಿರಲಿಲ್ಲ. ಆಗ ಉರಿಯಿತು.

ಕಬ್ಬಿಣದ ಬಾಗಿಲು ತೆರೆಯಿತು. ಗೇಟಿನವನು ಬಾಯಿ ತೆರೆದ, ಆದರೆ ಪಾಲಿಶಿನವನ ಕಣ್ಣು ನೋಡಿ ಮುಚ್ಚಿಕೊಂಡ. ನರ್ಸಮ್ಮ ಓಡಿಬಂದು ಮಲಗಿಸಿ, ಕೈಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡಿ, ಉಸಿರು ಅಳೆಯುವ ಯಂತ್ರದ ಕೊಳವೆ ಬಾಯಿಗಿಟ್ಟಳು.

"ಊದಿ. ಇನ್ನೂ ಜೋರಾಗಿ. ಇನ್ನೊಮ್ಮೆ."

ಅವಳು ಯಂತ್ರ ನೋಡಿದಳು, ಅವನನ್ನು ನೋಡಿದಳು, ಮತ್ತೆ ಯಂತ್ರ ನೋಡಿದಳು. "ಇವರು ಕುಡಿದಿಲ್ಲ."

"ಮಿಷಿನ್ ಕೆಟ್ಟಿರುತ್ತೆ," ಎಂದ ಅಣ್ಣ.

"ನೀವು ಊದಿ ನೋಡಿ."

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನ ಸಂಜೆ ಗಿರಾಕಿಯ ಜೊತೆ ಕೂತದ್ದು ಅವನಿಗೆ ನೆನಪಿತ್ತೋ ಏನೋ.

ಡಾಕ್ಟರು ಬಂದರು. ಪಾಲಿಶಿನವನ ಅಂಗೈ ಎತ್ತಿ ಮೂಸಿ ನೋಡಿದರು. ಉಗುರಿನ ಸುತ್ತ ಕಂದು ಬಣ್ಣ, ಬೆರಳ ಸಂದಿಯಲ್ಲಿ ಅರಗು.

"ನಿಮ್ಮ ಕೆಲಸ ಏನು?"

"ಪಾಲಿಶ್."

"ಬಡಗಿ ಅಂದಿದ್ರಿ," ಎಂದಳು ನರ್ಸಮ್ಮ. "ನಾನು ಬಿಡಿಸಿ ಕೇಳಿದ್ದೆ."

"ಪಾಲಿಶ್ ಕುಡೀತೀಯಾ ಅಂತ ಕೇಳಿದ್ರಿ."

"ಮುಟ್ತೀರಾ ಅಂತ ಕೇಳಿದೆ."

"ಆ ವರಾಂಡದ ಎದುರು ಕೇಳಿದ್ರಿ. ಅಲ್ಲಿ ಎರಡೂ ಒಂದೇ."

ಡಾಕ್ಟರು ಬಿಡಿಸಿ ಹೇಳಿದರು: ಆ ಮಾತ್ರೆ ಒಳಗಿರುವವನಿಗೆ ಬಾಯಿಂದಲೇ ಹೋಗಬೇಕೆಂದಿಲ್ಲ. ಮುಚ್ಚಿದ ಕೋಣೆಯಲ್ಲಿ ಸ್ಪಿರಿಟ್ಟಿನ ಗಾಳಿ ಮೂಗಿನಿಂದಲೂ ಹೋಗುತ್ತದೆ, ಚರ್ಮದಿಂದಲೂ ಇಳಿಯುತ್ತದೆ. ಯಂತ್ರಕ್ಕೆ ಸಿಗದಷ್ಟು ಸ್ವಲ್ಪವಾದರೂ ಕೆಲವರ ಮೈಗೆ ಅಷ್ಟೇ ಸಾಕು. "ಇವರು ಪಾಲಿಶ್ ಮಾಡೋರು ಅಂತ ಗೊತ್ತಿದ್ರೆ ಈ ಮಾತ್ರೆ ಕೊಡ್ತಾನೇ ಇರಲಿಲ್ಲ. ಅವತ್ತು ಜೊತೆಗೆ ಬಂದಿದ್ದೋರು ಯಾರು?"

ಪಾಲಿಶಿನವನು ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಅಣ್ಣನನ್ನು ನೋಡಿದ. ಅಣ್ಣ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡು, "ಗಾಡಿ ದಾರಿಗೆ ಅಡ್ಡ ನಿಲ್ಲಿಸಿದ್ದೀನಿ," ಎಂದು ಹೊರಗೆ ಹೋದ. ಹೋದವನು ಒಳಗೆ ಬರಲಿಲ್ಲ.

ಸಂಜೆಯವರೆಗೆ ಇಟ್ಟುಕೊಂಡು ಬಿಟ್ಟರು. ಬಸ್ಸಿಗೆ ಕಾಯುವಾಗ ಹೆಂಡತಿ ಹೇಳಿದಳು, "ತಪ್ಪಾಯ್ತು ರೀ. ನಂಬಬೇಕಿತ್ತು."

"ಹ್ಞೂಂ."

"ಇಷ್ಟೇನಾ?"

"ಚಪ್ಪಲಿ ಹುಡುಕೋಕೆ ನೀನು ಅಷ್ಟು ಸಲ ಬಂದಿದ್ದೀಯ. ಅದಕ್ಕೆ ಇದು ವಜಾ," ಎಂದ. ಅಲ್ಲಿಗೆ ಅವರಿಬ್ಬರ ಜಗಳ ಮುಗಿಯಿತು.

ಮಾತ್ರೆ ಬದಲಾಯಿತು. ವಾರದ ಭೇಟಿ ತಿಂಗಳ ಭೇಟಿಯಾಯಿತು. ಅವನು ಈಗಲೂ ಹೋಗುತ್ತಾನೆ, ಹೊರರೋಗಿಗಳ ಬೆಂಚಿನ ಮೇಲೆ ಕೂತು ಸರದಿ ಕಾಯುತ್ತಾನೆ, ಕೌನ್ಸೆಲರ್ ಮೇಡಂ ಜೊತೆ ಜಗಳವಾಡಿ ಬರುತ್ತಾನೆ. ಕಂಡಕ್ಟರ್ ನಾಲ್ಕನೆಯ ಸಲ ಬಂದಾಗ ಅವನಿಗೆ ಬಾಳೆಹಣ್ಣು ತೆಗೆದುಕೊಂಡು ಹೋಗಿದ್ದ, ಕೊಟ್ಟು ಬೈದು ಬಂದ. ಕುಡಿದಿಲ್ಲ. ವಕೀಲರ ಕಪಾಟುಗಳನ್ನು ಎಲ್ಲ ಕಿಟಕಿ ತೆಗೆದಿಟ್ಟು, ಕೈಗೆ ರಬ್ಬರಿನ ಗವಸು ತೊಟ್ಟು, ಕಟ್ಟಡದವರ ಕೆಲಸ ನಿಂತ ರಜೆಯ ದಿನಗಳಲ್ಲಿ ಮುಗಿಸಿಕೊಟ್ಟ. ವಕೀಲರ ಹೆಂಡತಿ ಟೀ ಕೊಟ್ಟಳು. ಅವನು ಕುಡಿದು ಲೋಟ ತೊಳೆದಿಟ್ಟ.

ಅಣ್ಣ ಬೇರೆ ಬೇರೆ ದಾರಿಯಿಂದ ಬಂದು ನೋಡಿದ. ಪಾಲಿಶಿನ ಕೋಣೆಗೆ ಗಾಳಿ ಎಳೆಯುವ ದೊಡ್ಡ ಫ್ಯಾನು ಹಾಕಿಸಿದ. ಮೂಗಿಗೆ ಕಟ್ಟುವ ದಪ್ಪ ಮುಖವಾಡ ತಂದು ಮೇಜಿನ ಮೇಲಿಟ್ಟ. ಸ್ಪಿರಿಟ್ಟಿನ ಕಪಾಟಿಗೆ ಬೀಗ ಹಾಕುವುದನ್ನು ಬಿಟ್ಟ. ಆದರೆ ಆ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ತಮ್ಮನ ಹೆಂಡತಿ ಸುಲಭವಾಗಿ ಹೇಳಿದ 'ತಪ್ಪಾಯ್ತು'. ತಮ್ಮನಿಗೆ ಬೇಕಾದದ್ದು ಫ್ಯಾನಲ್ಲ. ಬಡಗಿಗಳ ಎದುರು ಬಿದ್ದ ಏಟು ಬಡಗಿಗಳ ಎದುರೇ ವಾಪಸು ಬರಬೇಕು, ಏಟಾಗಿ ಅಲ್ಲ, ಮಾತಾಗಿ. ಅಲ್ಲಿಯವರೆಗೆ ಅವರಿಬ್ಬರ ನಡುವೆ ಕೆಲಸದ ಮಾತು ಮಾತ್ರ.

"ಒಂದು ಬಾಗಿಲಿದೆ, ಹಚ್ಚಬೇಕು," ಎನ್ನುತ್ತಾನೆ ಅಣ್ಣ.

"ಮರದ್ದಾ, ಕಬ್ಬಿಣದ್ದಾ?"

"ಮರದ್ದು."

ಪ್ರತಿ ಸಲವೂ ಇದೇ. ಬಡಗಿಗಳು ಉಳಿ ನಿಲ್ಲಿಸಿ ಕಿವಿ ಕೊಡುತ್ತಾರೆ.

ಆಮೇಲೆ ಅಣ್ಣ ಮನೆ ಕಟ್ಟಿಸಿದ. ಮುಂಬಾಗಿಲು ತೇಗದ್ದು, ಜೋಡಿ ಕದ, ಅಂದು ಸುಳ್ಳಾಗಿ ಹೇಳಿದ್ದಂಥದ್ದೇ. ತಮ್ಮನನ್ನು ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದ. ತಮ್ಮ ಮರದ ಮೇಲೆ ಅಂಗೈ ಆಡಿಸಿದ. ಗೆರೆ ನೇರವಾಗಿತ್ತು, ಗಂಟಿರಲಿಲ್ಲ. ಅಂಥ ಮರ ಅವನ ಕೈಗೆ ಬಂದು ಬಹಳ ಕಾಲವಾಗಿತ್ತು.

"ಹಚ್ತೀಯಾ?" ಎಂದ ಅಣ್ಣ.

"ಹಚ್ತೀನಿ. ನೀನು ಹೇಳಬೇಕಾದ್ದು ಹೇಳು. ಬಡಗಿಗಳನ್ನೆಲ್ಲ ಕರೆದು ಹೇಳು."

ಅಣ್ಣ ಬಾಗಿಲು ನೋಡಿದ, ತಮ್ಮನನ್ನು ನೋಡಿದ. "ಬೇರೆಯವರಿಗೆ ಹೇಳ್ತೀನಿ ಬಿಡು," ಎಂದ.

ಬೇರೆಯವರು ಹಚ್ಚಿದರೆ ಅತ್ತಿಗೆ ಒಪ್ಪುವುದಿಲ್ಲ. ಅವಳಿಗೆ ಮೈದುನನ ಕೈಯೇ ಆಗಬೇಕು. ತಮ್ಮ ಬರುವುದಿಲ್ಲ. ಅಣ್ಣ ಹೇಳುವುದಿಲ್ಲ. ಬಾಗಿಲು ಬರಿಮೈಯಲ್ಲಿ ನಿಂತಿದೆ, ಬಿಸಿಲಿಗೆ ಬೂದು ತಿರುಗಿದೆ. ಪಾಲಿಶಿನವನು ಕೆಲಸ ಮುಗಿಸಿ ಆ ದಾರಿಯಲ್ಲೇ ಮನೆಗೆ ಹೋಗುತ್ತಾನೆ, ಬೇರೆ ದಾರಿ ಇದ್ದರೂ. ಯಾರೂ ಇಲ್ಲದಾಗ ಮೆಟ್ಟಿಲು ಹತ್ತಿ, ಹೆಬ್ಬೆರಳಿನ ಉಗುರಿನಿಂದ ಮರ ಎಷ್ಟು ಒಣಗಿದೆ ಎಂದು ಗೀರಿ ನೋಡುತ್ತಾನೆ.

"ಇನ್ನೊಂದು ಬೇಸಿಗೆ ಕಳೆದ್ರೆ ಸೀಳುತ್ತೆ," ಎನ್ನುತ್ತಾನೆ ಮನೆಗೆ ಬಂದು.

"ಹೋಗಿ ಹಚ್ಚಿಬಿಡಿ ರೀ, ಅತ್ಲಾಗೆ," ಎನ್ನುತ್ತಾಳೆ ಹೆಂಡತಿ.

"ಸೀಳಲಿ," ಎಂದು ಅವನು ಕೈ ತೊಳೆಯಲು ಹೋಗುತ್ತಾನೆ.